ಗುರುವಾರದ ಲೈನು

ಕರಿಬಸಪ್ಪ ಫೋನಿಗೆ ಅರ್ಜಿ ಹಾಕಿದಾಗ ಅವನ ಮಗಳು ಗುರುಬಸಮ್ಮ ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದಳು. ಫೋನು ಬಂದಾಗ ಅವಳು ಹಟ್ಟಿಯಲ್ಲಿ ಸಂಸಾರ ಹೂಡಿ ಐದು ತಿಂಗಳ ಬಸುರಿಯಾಗಿದ್ದಳು. ಸರ್ಕಾರ ಕೊಡುವುದಿಲ್ಲ ಎಂದು ಯಾವತ್ತೂ ಹೇಳುವುದಿಲ್ಲ. ಮೊಮ್ಮಕ್ಕಳ ಕಾಲಕ್ಕಾದರೂ ಕೊಡುತ್ತದೆ.

ಅದು ತೊಂಬತ್ತಾರನೇ ಇಸವಿಯ ಸಂಕ್ರಾಂತಿಯ ಆಸುಪಾಸು. ಸಿಂಧನೂರಿನಲ್ಲಿ ಕರಿಬಸಪ್ಪನದು ಬೀಜ-ಗೊಬ್ಬರದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಲೈನ್‌ಮನ್ ಮಕ್ತುಮ್‌ಸಾಬ್ ಕಂಬದಿಂದ ತಂತಿ ಎಳೆದು ತಂದು ಅಂಗಡಿಯ ಗಲ್ಲಾದ ಪಕ್ಕ ಒಂದು ಫೋನು ಇಟ್ಟ. ಮನೆಯ ಪಡಸಾಲೆಯ ಗೂಡಿನಲ್ಲಿ ಇನ್ನೊಂದು ಇಟ್ಟ.

"ಎರಡು ಫೋನ್ ಅಂದ್ರ ಎರಡು ನಂಬರೇನು?" ಎಂದು ಕೇಳಿದಳು ಕರಿಬಸಪ್ಪನ ಹೆಂಡತಿ ಬಸವಣ್ಣೆಮ್ಮ.

"ಇಲ್ರಿ ಅಕ್ಕಾರ. ನಂಬರ್ ಒಂದೇ, ಲೈನ್ ಒಂದೇ. ಇದಕ್ಕ ಪ್ಯಾರಲಲ್ ಅಂತಾರ. ಅಲ್ಲಿ ಎತ್ತಿದ್ರೂ ಅದೇ ಮಾತು, ಇಲ್ಲಿ ಎತ್ತಿದ್ರೂ ಅದೇ ಮಾತು."

"ಅಂದ್ರ ಇವರು ಅಂಗಡ್ಯಾಗ ಮಾತಾಡಿದ್ದು ನನಗ ಇಲ್ಲಿ ಕೇಳ್ತತಿ?"

"ಎತ್ತಿದ್ರ ಕೇಳ್ತತ್ರಿ."

ಬಸವಣ್ಣೆಮ್ಮನ ಮುಖ ಅರಳಿತು, ಕರಿಬಸಪ್ಪನದು ಬಾಡಿತು. ಮಕ್ತುಮ್‌ಸಾಬ್ ಚಹಾ ಕುಡಿದು, ಡಯಲ್ ಟೋನು, ಎಂಗೇಜು, ಎಸ್‌ಟಿಡಿ, ಎಕ್ಸ್‌ಚೇಂಜು ಎಂದು ನಾಲ್ಕು ಮಾತು ಬಿತ್ತಿ ಸೈಕಲ್ ಹತ್ತಿದ. ಅವುಗಳ ಅರ್ಥ ಹೇಳುವ ಭಾರ ಮಗ ಅಮರಗುಂಡಪ್ಪನ ಮೇಲೆ ಬಿತ್ತು. ಅವನು ಅದನ್ನು ಭಾರ ಎಂದು ತಿಳಿಯುವವನೇ ಅಲ್ಲ. ಊರಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದ. ಅಲ್ಲಿ ಎಷ್ಟು ಕಲಿತಿದ್ದನೋ, 'ನೆಟ್‌ವರ್ಕ್' ಎನ್ನುವ ಮಾತೊಂದನ್ನು ಮಾತ್ರ ಉಪ್ಪಿನಕಾಯಿಯ ಹಾಗೆ ಎಲ್ಲ ಊಟಕ್ಕೂ ನೆಂಚಿಕೊಳ್ಳುತ್ತಿದ್ದ.

"ಹಟ್ಟಿಯಾಗ ನಮ್ಮ ಗುರವ್ವ ಮಾತಾಡಿದ್ರ ಇಲ್ಲೀತನಕ ಹೆಂಗ ಬರ್ತತೋ?" ಎಂದು ಕೇಳಿದಳು ಅಜ್ಜಿ ಅಂಬಮ್ಮ.

"ಅದಕ್ಕೇ ನೆಟ್‌ವರ್ಕ್ ಅನ್ನೋದು ಆಯಿ. ಎಲ್ಲಾ ಫೋನಿಗೂ ಎಲ್ಲಾ ಫೋನಿಗೂ ಸಂಬಂಧ ಇರ್ತತಿ."

"ಸಂಬಂಧ ಇದ್ರ ಬಾಯಿ ಬಿಟ್ಟು ಮಾತಾಡ್ತಿದ್ರು. ಈ ತಂತಿಯೊಳಗ ತೂತು ಐತೇನು? ಮಾತು ಹ್ಯಾಂಗ ತೂರಿ ಬರ್ತತಿ?"

ಅಮರಗುಂಡಪ್ಪ ಕರೆಂಟು ಅಂದ, ಸಿಗ್ನಲ್ ಅಂದ. ಕಂಪ್ಯೂಟರುಗಳೂ ಇದೇ ತಂತಿಯಲ್ಲಿ ಒಂದಕ್ಕೊಂದು ಮಾತಾಡುತ್ತವೆ, ನಡುವೆ ಮೋಡೆಮ್ ಅಂತ ಡಬ್ಬಿ ಇರುತ್ತದೆ ಅಂದ. "ಕಂಪ್ಯೂಟರಿಗೆ ಬಾಯಿ ಎಲ್ಲೈತೋ?" ಎಂದು ಅಂಬಮ್ಮ ಕೇಳಿದ ಮೇಲೆ ಸೋತು, ಅವಳಿಗೆ ಗೊತ್ತಿದ್ದ ದಾರಿಗೇ ಬಂದ.

"ನೋಡಾಯಿ, ಎಕ್ಸ್‌ಚೇಂಜ್ ಅಂದ್ರ ಡ್ಯಾಮ್ ಇದ್ದಂಗ. ಅಲ್ಲಿಂದ ಊರೂರಿಗೆ ಹೋಗೋ ಲೈನ್ ಅಂದ್ರ ದೊಡ್ಡ ಕಾಲುವಿ. ಓಣಿ ಕಂಬದ ಲೈನ್ ಅಂದ್ರ ಸಣ್ಣ ಕಾಲುವಿ. ಕಡೀಕ ಈ ರಿಸೀವರ್ ಐತಲ್ಲ, ಇದು ನಮ್ಮ ಹೊಲದ ತೂಬು. ಎತ್ತಿದಿ ಅಂದ್ರ ಮಾತು ಹರಕೊಂತ ಬರ್ತತಿ."

"ಮತ್ತ ಅದೇನೋ ಎಂಗೇಜ್ ಅಂದ್ನಲ್ಲ ಸಾಬ?"

"ಒಬ್ಬರ ಹೊಲಕ್ಕ ನೀರು ಹೊಂಟಾಗ ಇನ್ನೊಬ್ಬರಿಗೆ ಸಿಗತೈತೇನು? ಸಿಗಂಗಿಲ್ಲ. ಅದೇ ಎಂಗೇಜ್."

"ಹಂಗ ಹೇಳು ಮತ್ತ!" ಎಂದಳು ಅಂಬಮ್ಮ. ಆ ಮನೆಯಲ್ಲಿ ಫೋನು ಎಲ್ಲರಿಗಿಂತ ಮೊದಲು ಅರ್ಥವಾದದ್ದು ತನಗೇ ಎಂದು ಅವಳು ಅವತ್ತು ಖುಷಿಯಿಂದ ಎರಡು ರೊಟ್ಟಿ ಹೆಚ್ಚು ಉಂಡಳು. ಅನಾಹುತವೆಲ್ಲ ಶುರುವಾದದ್ದು ಆ ತಿಳಿವಳಿಕೆಯಿಂದಲೇ.

ಅಂಬಮ್ಮ ತುರ್ವಿಹಾಳದವಳು. ಗಂಡ ಸತ್ತಮೇಲೆ ಅಲ್ಲಿನ ಕಾಲುವೆಯ ಹೊಲವನ್ನು ತಾನೇ ನಿಂತು ಮಾಡಿಸಿದವಳು. ಕಾಲುವೆ ನೀರಿಗೆ ಪಾಳಿ ಇರುತ್ತದೆ. ಇವತ್ತು ನಿನ್ನದು, ನಾಳೆ ನನ್ನದು. ಪಾಳಿ ಬರುವ ಮೊದಲೇ ತೂಬು ತೆಗೆದು ಕಾದಿರಬೇಕು. ನೀರು ಬಂದಾಗ ತೂಬು ಮುಚ್ಚಿತ್ತೋ, ಅದು ಮುಂದಿನವನ ಹೊಲಕ್ಕೆ ಹೋಗುತ್ತದೆ, ಹಿಂದಕ್ಕೆ ಬಾ ಎಂದರೆ ಬರುವುದಿಲ್ಲ. ಆದರೆ ಪಾಳಿಗೆ ಮುಂಚೆ ತೆಗೆಯುವುದು ಕಳವು. ನೀರು ಬಿಡುವ ನೀರುಗಂಟಿ ಕಂಡರೆ ತಕರಾರು. ಆದ್ದರಿಂದ ಎಲ್ಲರೂ ಸ್ವಲ್ಪ ಮುಂಚೆ ತೆಗೆಯುತ್ತಿದ್ದರು, ನೀರುಗಂಟಿಯ ಕೆಮ್ಮು ಕೇಳಿದ ಕೂಡಲೇ ಮುಚ್ಚಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಂಬಮ್ಮ ಈ ವಿದ್ಯೆಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ.

ಮನೆಗೆ ಫೋನು ಬಂದರೂ ಅದರಲ್ಲಿ ಮಾತಾಡಬೇಕಾದ ಮಗಳೊಂದಿಗೆ ಸಂಬಂಧವೇ ಹಳಸಿತ್ತು. ತಪ್ಪು ಕರಿಬಸಪ್ಪನದು. ಹಿಂದಿನ ದೀಪಾವಳಿಗೆ ಅಳಿಯ ಪಂಪಾಪತಿ ಬಂದಿದ್ದ. ಹಟ್ಟಿಯ ಚಿನ್ನದ ಗಣಿಯಲ್ಲಿ ಫಿಟ್ಟರು, ಮಾತು ಕಡಿಮೆ. ನಾಲ್ಕು ಜನ ನೆಂಟರು ಹೋಳಿಗೆ ಊಟಕ್ಕೆ ಕುಳಿತಿದ್ದಾಗ ಕರಿಬಸಪ್ಪ ನಗೆಮಾತು ಎಂದುಕೊಂಡು ಬಾಯಿಬಿಟ್ಟ: "ನಮ್ಮ ಅಳಿಯ ನೆಲದಾಗಿಂದ ಬಂಗಾರ ತಗಿತಾನ, ಹೆಂಡ್ತಿ ಕೊಳ್ಳಾಗ ಮಾತ್ರ ಗುಂಜಿಯಷ್ಟು ಕಾಣವಲ್ದು." ನೆಂಟರು ನಕ್ಕರು. ಪಂಪಾಪತಿ ಎಲೆ ಬಿಟ್ಟು ಎದ್ದು ಕೈತೊಳೆದು, ಹೆಂಡತಿಯನ್ನು ಕರೆದುಕೊಂಡು ಸಂಜೆ ಬಸ್ಸಿಗೇ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇವರು ಅಲ್ಲಿಗಿಲ್ಲ, ಅವರು ಇಲ್ಲಿಗಿಲ್ಲ.

ಈಗ ಮಗಳಿಗೆ ಚೊಚ್ಚಲು. ಏಳರಲ್ಲಿ ಕುಬಸ ಮಾಡಬೇಕು; ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಹೋಗಿ, ಮಡಿಲು ತುಂಬಿ, ಹೆರಿಗೆಗೆ ಕರೆತರಬೇಕು. ಕರೆಯಲು ಹೋಗದಿದ್ದರೆ ಹುಡುಗಿ ತಾನಾಗಿ ಬರುವಂತಿಲ್ಲ.

"ಹೋಗಿ ಬರ್ರಿ," ಎಂದು ಬಸವಣ್ಣೆಮ್ಮ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು.

"ದಿನ ಇಟ್ಟು ಹೇಳಿ ಕಳಿಸೋದು ಬೀಗರ ಕೆಲಸ. ಕರೆದ್ರ ಹೋಗ್ತೀನಿ. ಕರೀದೆ ಹೋಗಾಕ ನಾನೇನು ನಾಯೇನು?" ಎಂದು ಕರಿಬಸಪ್ಪ ಪುಂಡಿಪಲ್ಯ ಕಲಸುತ್ತ ಹೇಳುತ್ತಿದ್ದ.

"ನಾಯಿ ಆಗಿದ್ರ ಇಷ್ಟೊತ್ತಿಗೆ ಮಗಳ ವಾಸನೀ ಹಿಡಿದು ಹೋಗಿರ್ತಿತ್ತು."

ಮೂರೂ ಹೊತ್ತು ಊಟಕ್ಕೆ ಇದೇ ವ್ಯಂಜನ. ಹೀಗಿರುವಾಗ, ಹೊಸ ಫೋನಿನ ನಂಬರನ್ನು ಮಗಳಿಗೆ ಮುಟ್ಟಿಸಿದ್ದ ಹಟ್ಟಿ ಬಸ್ಸಿನ ಕಂಡಕ್ಟರ್ ಜಂಬಣ್ಣ ಅಂಗಡಿಗೆ ಬಂದು ಒಂದು ಸುದ್ದಿ ಕೊಟ್ಟ. ಗುರುಬಸಮ್ಮ ಹೇಳಿ ಕಳಿಸಿದ್ದಳು: ಗುರುವಾರ ಅತ್ತೆ ಮಠಕ್ಕೆ ಹೋಗುತ್ತಾಳೆ, ಗಂಡ ಪಾಳಿಯಲ್ಲಿರುತ್ತಾನೆ, ಇಳಿಹೊತ್ತಿಗೆ ಬೂತಿನಿಂದ ಫೋನು ಮಾಡುತ್ತಾಳೆ, ಮನೆಯ ಫೋನಿನ ಹತ್ತಿರ ಯಾರಾದರೂ ಇರಬೇಕು. "ಏನೋ ಜರೂರ್ ಮಾತೈತಂತ್ರಿ. ನನಗ ಹೇಳ್ಲಿಲ್ಲ," ಎಂದ ಜಂಬಣ್ಣ. ಮರುವಾರವೇ ಅವನನ್ನು ರಾಯಚೂರಿನ ರೂಟಿಗೆ ಹಾಕಿದರು. ಪತ್ರ ಬರೆದರೆ ಆ ಮನೆಯಲ್ಲಿ ಎಲ್ಲರೆದುರು ಓದಬೇಕು. ಉಳಿದದ್ದು ಈ ತಂತಿ ಒಂದೇ.

ಮೊದಲ ಗುರುವಾರ ಬಸವಣ್ಣೆಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು. ಅಪ್ಪ ಮಗ ಇಬ್ಬರೂ ಲಾರಿಯಿಂದ ಗೊಬ್ಬರದ ಚೀಲ ಇಳಿಸಿಕೊಳ್ಳುತ್ತ ಬೀದಿಯಲ್ಲಿದ್ದರು. ಪಡಸಾಲೆಯಲ್ಲಿ ಅಂಬಮ್ಮ ಒಬ್ಬಳೇ ಗೋಡೆಗೊರಗಿ ಕುಳಿತಿದ್ದಳು. ಫೋನು ಬಡಿದುಕೊಂಡಿತು. "ಬಂದೆ ಬಂದೆ ತಡಿಯವ್ವ," ಎನ್ನುತ್ತ ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು, ಗೋಡೆ ಹಿಡಿದು ನಡೆದಳು. ಗೂಡಿಗೆ ಕೈಚಾಚುವಷ್ಟರಲ್ಲಿ ಫೋನು ಸುಮ್ಮನಾಯಿತು. ಎತ್ತಿ ಕಿವಿಗೆ ಹಿಡಿದರೆ ಬರೀ ಗುಂಯ್ ಎನ್ನುವ ಸದ್ದು.

ನೀರು ಬಂದಾಗ ತೂಬು ಮುಚ್ಚಿತ್ತು. ಮಾತು ಮುಂದಿನವರ ಮನೆಗೆ ಹರಿದುಹೋಯಿತು. ಸೊಸೆಗೆ ಹೇಳಿದರೆ ಬೈಗುಳ ತಪ್ಪಿದ್ದಲ್ಲ, ಆದ್ದರಿಂದ ಹೇಳಲಿಲ್ಲ. ಆದರೆ ಮುಂದಿನ ಗುರುವಾರಕ್ಕೆ ಏನು ಮಾಡಬೇಕೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇನ್ನ ಮ್ಯಾಲೆ ಗುರುವಾರ ಫೋನ್ ಕಾಯೋದು ನಂದು. ನೀ ನಿನ್ನ ಸಂಡಿಗಿ ನೋಡಿಕೋ ಬೇ," ಎಂದಳು ಸೊಸೆಗೆ. ಬಸವಣ್ಣೆಮ್ಮನಿಗೆ ಅತ್ತೆಯ ಮೇಲೆ ಎಂದೂ ಇಲ್ಲದ ಅಕ್ಕರೆ ಬಂತು. ಮಗಳ ದನಿ ಕೇಳಿದರೆ ತಾನು ಅತ್ತುಬಿಡುತ್ತೇನೆ, ಈ ಮುದುಕಿಯಾದರೆ ಗಟ್ಟಿ ಎಂದುಕೊಂಡು ಮಾಳಿಗೆ ಹತ್ತಿದಳು.

ಹೀಗೆ ಗುರುವಾರ ಬಿಸಿಲು ಇಳಿಯುವ ಮೊದಲೇ ಅಂಬಮ್ಮ ರಿಸೀವರನ್ನು ಎತ್ತಿ, ಹೊದೆಯುವ ಧಡಿಯನ್ನು ಮಡಿಚಿ ಅದರ ಮೇಲೆ ಮಗುವನ್ನು ಮಲಗಿಸಿದಂತೆ ಮಲಗಿಸಿ, ಎದುರಿಗೆ ಕುಳಿತಳು. ಮೊದಲು ಗುಂಯ್ ಎಂದು ನೀರು ಬರುವ ಸದ್ದು. ಆಮೇಲೆ ಕುಂಯ್, ಕುಂಯ್, ಕುಂಯ್. ನೀರು ತಡೆದು ತಡೆದು ಬರುತ್ತಿದೆ, ಮೇಲಿನವರು ಇನ್ನೂ ಬಿಟ್ಟಿಲ್ಲ ಎಂದುಕೊಂಡಳು. ನಡುನಡುವೆ ಬಗ್ಗಿ "ಗುರವ್ವಾ?" ಎಂದು ಕರೆದು ನೋಡುತ್ತಿದ್ದಳು. ಅಂಗಡಿಯ ಬಾಗಿಲ ಬಳಿ ಗಂಡಸರ ಚಪ್ಪಲಿ ಸಪ್ಪಳವಾದರೆ ಲಗುಬಗೆಯಿಂದ ರಿಸೀವರು ಮುಚ್ಚಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಪಾಳಿಗೆ ಮುಂಚೆ ತೆಗೆದದ್ದು ನೀರುಗಂಟಿಗೆ ಕಾಣಬಾರದಲ್ಲ!

ಅಂಗಡಿಯಲ್ಲಿ ಕರಿಬಸಪ್ಪ ಫೋನೆತ್ತಿದರೆ ಡಯಲ್ ಟೋನು ಇಲ್ಲ, ಕುಂಯ್ ಕುಂಯ್ ಒಂದೇ.

"ಏ ಅಮರಗುಂಡಾ, ಇದು ಸತ್ತಾತ ನೋಡೋ!"

ಅಮರಗುಂಡಪ್ಪ ಒಳಗೆ ಬಂದು ನೋಡಿದರೆ ಮನೆಯ ಫೋನು ಗೂಡಿನಲ್ಲಿ ಸಾಧುವಿನ ಹಾಗೆ ಕುಳಿತಿದೆ, ಅಜ್ಜಿ ವಿಭೂತಿ ತೀಡಿಕೊಳ್ಳುತ್ತಿದ್ದಾಳೆ. ಎತ್ತಿದರೆ ಚಂದವಾಗಿ ಗುಂಯ್ ಎನ್ನುತ್ತದೆ. "ನೆಟ್‌ವರ್ಕ್‌ದಾಗ ಏನೋ ಗಲತಿ ಐತಿ," ಎನ್ನುತ್ತ ಹೊರಗೆ ಹೋದ. ಅವನು ಹೋದ ಕೂಡಲೇ ಗಲತಿ ಮತ್ತೆ ಧಡಿಯ ಮೇಲೆ ಮಲಗಿತು.

ಮಕ್ತುಮ್‌ಸಾಬನನ್ನು ಕರೆಸಿದರು. ಅವನು ಬಂದದ್ದು ಸೋಮವಾರ. ಕಂಬ ಹತ್ತಿದ, ಇಳಿದ, ತನ್ನ ಕೈಯ ಫೋನನ್ನು ತಂತಿಗೆ ಕಚ್ಚಿಸಿ ಯಾರೊಂದಿಗೋ ಮಾತಾಡಿ ನಕ್ಕ.

"ಲೈನ್ ಬರಾಬರ್ ಐತ್ರಿ ಮಾಲಕರ."

"ಗುರುವಾರ ಕೆಡತತಿ."

"ಗುರುವಾರಕ್ಕೊಮ್ಮೆ ಕೆಡೋ ಲೈನ್ ನಾ ಎಲ್ಲೂ ನೋಡಿಲ್ರಿ. ಅದಕ್ಕೇನು ವಾರದ ಉಪವಾಸ ಐತೇನು?" ಎಂದು ಅವನು ತಲೆ ಕೆರೆದುಕೊಂಡ. ಆದರೂ ಏನಾದರೂ ಮಾಡಿದಂತೆ ಕಾಣಬೇಕಲ್ಲ, ಹಳೆಯ ತಂತಿಯ ತುದಿ ಕತ್ತರಿಸಿ ಹೊಸದಾಗಿ ಕಟ್ಟಿ ಹೋದ.

ಮುಂದಿನ ಗುರುವಾರವೂ ಮಗಳ ಫೋನು ಬರಲಿಲ್ಲ. ಅವತ್ತು ಊಟಕ್ಕೆ ಕುಳಿತಾಗ ಬಸವಣ್ಣೆಮ್ಮ ಸಾರಿನ ಸೌಟನ್ನು ನೆಲಕ್ಕೆ ಕುಕ್ಕಿದಳು.

"ನಿಮ್ಮ ಅಂಗಡಿ ಫೋನಿಂದಾನೇ ಎಲ್ಲಾ. ಒಂದೇ ಲೈನ್ ಅಂದಾನ ಸಾಬ. ನೀವು ದಿನಾ ಗಂಗಾವತಿ ರೇಟು, ರಾಯಚೂರ ರೇಟು ಅಂತ ಹಿಡಕೊಂಡು ಕುಂತ್ರ ನನ್ನ ಮಗಳ ಮಾತು ಎಲ್ಲಿಂದ ಬರಬೇಕು?"

"ಗುರುವಾರ ಇಳಿಹೊತ್ತು ನಾ ಫೋನ್ ಮುಟ್ಟಂಗೇ ಇಲ್ಲಲೇ. ಮುಟ್ಟಿದ್ರೂ ಹತ್ತಂಗಿಲ್ಲ. ನೀ ಮಸ್ಕ್ಯಾಗಿನ ನಿನ್ನ ತಂಗಿ ಜೋಡಿ ತಾಸಗಟ್ಲೆ ಮಾತಾಡಿ ಲೈನ್ ಸವಿಸೀ."

"ಮಾತಾಡಿದ್ರ ಲೈನ್ ಸವೀತೈತೇನೋ ಅಮರಗುಂಡಾ?"

"ಸವಿಯಂಗಿಲ್ಲವ್ವ. ಆದ್ರ ಪ್ಯಾರಲಲ್ ಇದ್ರ ಸಿಗ್ನಲ್ ಹಂಚಿ ಹೋಗ್ತತಿ. ಅರ್ಧ ಅಂಗಡಿಗೆ, ಅರ್ಧ ಮನಿಗೆ. ಹಟ್ಟಿಯಿಂದ ಬರೋದ್ರೊಳಗೇ ಬಡಕಲಾಗಿರ್ತತಿ, ಇಲ್ಲಿ ಹಂಚಿದ್ರ ಗಂಟಿ ಬಾರಿಸಾಕೂ ಶಕ್ತಿ ಇರಂಗಿಲ್ಲ." ಇದು ಅವನ ಸ್ವಂತ ಸಂಶೋಧನೆ. ಹೇಳಿದ ಮೇಲೆ ಅವನಿಗೇ ನಂಬಿಕೆ ಬಂತು. "ದೊಡ್ಡ ದೊಡ್ಡ ಊರಾಗ ಈಗ ತಂತಿನೇ ಇಲ್ಲದ ಫೋನ್ ಬಂದಾವ. ಟವರ್‌ನಿಂದ ಟವರಿಗೆ ಗಾಳಿಯೊಳಗ ಮಾತು ಬರ್ತತಿ. ಕಿಸೆದಾಗ ಇಟ್ಕೊಂಡು ತಿರುಗ್ತಾರ."

"ಗ್ವಾಡ್ಯಾಗಿಂದೇ ನೆಟ್ಟಗ ಮಾತಾಡವಲ್ದು, ಕಿಸೆದಾಗಿಂದು ಏನ್ ಮಾತಾಡತೈತಿ," ಎಂದ ಕರಿಬಸಪ್ಪ.

ಅಂಬಮ್ಮ ಮಾತ್ರ ತಟ್ಟೆಯಿಂದ ತಲೆ ಎತ್ತದೆ, "ಒಂದು ತೂಬಿಗೆ ಎರಡು ಹೊಲ ಇರಬಾರದು. ತಗಸಿಬಿಡ್ರಿ ಅಂಗಡೀದು," ಎಂದು ತೀರ್ಪು ಕೊಟ್ಟಳು.

ತಗಸಿದರು. ಮಕ್ತುಮ್‌ಸಾಬ್ ಬಂದು ಅಂಗಡಿಯ ಫೋನು ಬಿಚ್ಚಿಕೊಂಡು ಹೋದ. ಲೈನು ಕೆಟ್ಟಿದೆ ಎಂದು ಕೂಗುತ್ತಿದ್ದವನು ಒಬ್ಬನೇ ಇದ್ದ, ಕರಿಬಸಪ್ಪ; ಈಗ ಅವನ ಕಿವಿಗೂ ಏನೂ ಬೀಳದಾಯಿತು. ಗುರುವಾರ ಕುಂಯ್ ಕುಂಯ್ ಕೇಳುವವರು ಸಿಂಧನೂರಿನಲ್ಲಿ ಅಂಬಮ್ಮ ಒಬ್ಬಳೇ ಉಳಿದಳು.

ಹಟ್ಟಿಯಲ್ಲಿ ಅದನ್ನು ಕೇಳುವವಳು ಗುರುಬಸಮ್ಮ.

ಅವಳಿಗೆ ತಿಳಿಸಬೇಕಾಗಿದ್ದ ಮಾತು ಚಿಕ್ಕದು. ಗಂಡ ಒಂದು ದಿನ ಪಾಳಿ ಮುಗಿಸಿ ಬಂದು ಉಣ್ಣುವಾಗ, ಅವಳ ಊದಿದ ಪಾದ ನೋಡಿ ಅಂದಿದ್ದ: "ನಿಮ್ಮಪ್ಪ ಒಂದೇ ಸಲ ಈ ಹೊಸ್ತಿಲಿಗೆ ಬಂದು ಕಳಿಸ್ರಿ ಅನ್ಲಿ, ಅವತ್ತೇ ಕಳಿಸ್ತೀನಿ. ಆದ್ರ ನಾ ಹೇಳಿ ಕಳಿಸಂಗಿಲ್ಲ. ಆತನಾಗೇ ಬರಬೇಕು." ಅಪ್ಪ ತಾನಾಗಿ ಬಂದ ಹಾಗೆ ಬರಬೇಕು, ಬಾ ಎಂದು ಮಗಳೇ ಹೇಳಿದ್ದು ಯಾರಿಗೂ ತಿಳಿಯಬಾರದು. ಅಷ್ಟಕ್ಕಾಗಿ ಅವಳು ಹೊಟ್ಟೆ ಹೊತ್ತು, ಕಂಪನಿ ಮನೆಗಳ ಏರು ಹತ್ತಿ, ಲಾಲ್‌ಬೀಯ ಬೂತಿಗೆ ಬರುತ್ತಿದ್ದಳು.

"ಹತ್ತಿತೇನವ್ವ?" ಎಂದು ಗಾಜಿನ ಹೊರಗಿನಿಂದ ಕೇಳಿದಳು ಲಾಲ್‌ಬೀ.

"ಎಂಗೇಜ್ ಐತಿ."

"ಹೋದ ವಾರನೂ ಎಂಗೇಜ್, ಅದರ ಹಿಂದಿನ ವಾರನೂ ಎಂಗೇಜ್. ಕುಂದರು, ಇನ್ನೊಮ್ಮೆ ನೋಡು."

ಕುಳಿತು, ಮತ್ತೆ ನೋಡಿ, ಮತ್ತೆ ಕುಳಿತಳು. ಮತ್ತೆ ಅದೇ ಕುಂಯ್ ಕುಂಯ್. ಲಾಲ್‌ಬೀ ಕೆಟ್ಟವಳಲ್ಲ. ಹುಡುಗಿ ವಾರವಾರ ಹೀಗೆ ಕೂಡುವುದನ್ನು ನೋಡಲಾರದೆ ಬಾಯಿ ಬಿಟ್ಟಳು.

"ನಾ ಹೇಳ್ತೀನಿ ಬ್ಯಾಸರ ಮಾಡ್ಕೋಬ್ಯಾಡ. ಮೊದಲ ವಾರ ಗಂಟಿ ಹೋತು, ಎತ್ತಲಿಲ್ಲ. ಅಲ್ಲಿಂದ ಬರೀ ಎಂಗೇಜ್. ಮಾತು ಬ್ಯಾಡಾದೋರು ಹಿಂಗ ರಿಸೀವರ್ ತೆಗೆದು ಇಡ್ತಾರವ್ವ. ನನ್ನ ಬೂತಿನ್ಯಾಗ ಭಾಳ ಮಂದೀನ ನೋಡೀನಿ."

ಗುರುಬಸಮ್ಮ ಸೆರಗು ಹೊದ್ದು ಏರು ಇಳಿದಳು. ಮನೆಗೆ ಬಂದು ಅಕ್ಕಿ ಆರಿಸಲು ಕುಳಿತವಳಿಗೆ ಕಲ್ಲು ಯಾವುದು, ಕಾಳು ಯಾವುದು ಕಾಣಲಿಲ್ಲ. ಅತ್ತೆ ವೀರಭದ್ರಮ್ಮ ಮಠದಿಂದ ಬಂದು, ಅವಳ ಮುಖ ನೋಡಿ, ತನಗೆ ತಿಳಿದಂತೆ ಸಮಾಧಾನ ಹೇಳಿದಳು.

"ಏಳು ತುಂಬಿ ಎಂಟರಾಗ ಬಿತ್ತು. ಇನ್ನ ಯಾರು ಬರ್ತಾರಂತ ಹಾದಿ ನೋಡ್ತಿ? ತವರಿನವರಿಗೆ ಬ್ಯಾಡಾಗಿದ್ರ ಇರಲಿ, ಬಾಣಂತನ ನಾ ಮಾಡ್ತೀನಿ."

ಆ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಗುರುಬಸಮ್ಮ ತಿರುಗಿ ಜಗಳವಾಡಿ ಹಗುರಾಗುತ್ತಿದ್ದಳು.

ಸಿಂಧನೂರಿನಲ್ಲೂ ಎಂಟು ತಿಂಗಳ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಬಸವಣ್ಣೆಮ್ಮ ಹಸಿರು ಸೀರೆ ತಂದು ಪೆಟ್ಟಿಗೆಯಲ್ಲಿಟ್ಟು, ದಿನಕ್ಕೊಮ್ಮೆ ತೆಗೆದು ನೋಡಿ ಮತ್ತೆ ಇಡುತ್ತಿದ್ದಳು. ಬುತ್ತಿಗೆಂದು ಮಾಡಿದ ಶೇಂಗಾ ಹಿಂಡಿಯನ್ನು ಮನೆಯವರೇ ತಿಂದು ಮುಗಿಸಿ, ಅವಳು ಎರಡನೇ ಸಲ ಕುಟ್ಟಿದ್ದಳು.

"ಫೋನ್ ಬರಲಿಲ್ಲಂದ್ರ ಆಕೀಗೇ ಬರೋ ಮನಸ್ಸಿಲ್ಲ," ಎಂದ ಕರಿಬಸಪ್ಪ ಒಂದು ಬೆಳಿಗ್ಗೆ. "ಗಂಡನ ಕಡೆ ಆಗ್ಯಾಳ."

"ಆಕಿ ಹಂಗಲ್ಲ," ಎಂದಳು ಬಸವಣ್ಣೆಮ್ಮ.

"ಮತ್ತ ಯಾಕ ಮಾಡವಲ್ಲಳು?"

ಅಮರಗುಂಡಪ್ಪ ಹಟ್ಟಿಗೂ ಸಿಂಧನೂರಿಗೂ ನಡುವಿನ ಲೈನು, ಲಿಂಗಸುಗೂರಿನ ಆಚೆಯ ಕಂಬಗಳು, ಬೇಸಿಗೆಯಲ್ಲಿ ತಂತಿ ಜೋಲುವುದು, ಹೀಗೆ ಏನೇನೋ ಹೇಳಿದ. ಯಾರೂ ಕಿವಿಗೊಡಲಿಲ್ಲ. ಅಂಬಮ್ಮ ತನ್ನಷ್ಟಕ್ಕೆ, "ಈ ಗುರುವಾರ ಇನ್ನಾ ಮುಂಚೆ ತಗೀಬೇಕು," ಎಂದುಕೊಂಡಳು.

ಆ ಗುರುವಾರ ಬಿಸಿಲು ನೆತ್ತಿಯ ಮೇಲಿರುವಾಗಲೇ ತೆಗೆದಿಟ್ಟು ಕುಳಿತಿದ್ದಳು. ಹಿಂದಿನಿಂದ ಹೆಜ್ಜೆ ಸಪ್ಪಳ ಬಂತು. ಗಂಡಸರ ಚಪ್ಪಲಿಯದಲ್ಲ, ಎಳೆದು ಎಳೆದು ಇಡುವ ಹೆಂಗಸಿನ ಹೆಜ್ಜೆ. ಸೊಸೆ ಮಾಳಿಗೆಯಿಂದ ಇಳಿದಳೆಂದು ಅಂಬಮ್ಮ ತಿರುಗಿ ಕೂಡ ನೋಡಲಿಲ್ಲ, ಕೈ ಮಾತ್ರ ಬೀಸಿದಳು.

"ಸಪ್ಪಳ ಮಾಡಬ್ಯಾಡ ಬೇ. ನಮ್ಮ ಗುರವ್ವನ ಪಾಳಿ ಐತಿ."

ಹಿತ್ತಿಲ ಬಾಗಿಲ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತಿದ್ದವಳು ಗುರುಬಸಮ್ಮ.

ಬಸ್ಸಿನಲ್ಲಿ ಬರುವಾಗ ಅವಳು ಆಡಬೇಕಾದ ಮಾತುಗಳನ್ನೆಲ್ಲ ಕೂಡಿಸಿಟ್ಟುಕೊಂಡಿದ್ದಳು. ನಾನು ನಿಮಗೆ ಏನು ಮಾಡಿದ್ದೆ, ಫೋನು ತೆಗೆದಿಡುವಷ್ಟು ಬೇಡವಾದೆನೇ, ಅಷ್ಟು ಕೇಳಿ ತಿರುಗಿ ಹೋಗುತ್ತೇನೆ ಎಂದು. ಈಗ ನೋಡಿದರೆ ರಿಸೀವರು ನಿಜವಾಗಿಯೂ ತೆಗೆದಿಟ್ಟಿದೆ. ಧಡಿಯ ಮೇಲೆ ಮಲಗಿದೆ. ಎದುರಿಗೆ ಅಜ್ಜಿ ಕೈಜೋಡಿಸಿ ಕುಳಿತಿದ್ದಾಳೆ.

ಗುರುಬಸಮ್ಮ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕುಳಿತಳು. ರಿಸೀವರು ಎತ್ತಿ ಕಿವಿಗಿಟ್ಟಳು. ಕುಂಯ್, ಕುಂಯ್, ಕುಂಯ್.

"ಆಯೀ," ಎಂದಳು. "ಇದನ್ನ ಯಾವಾಗಿಂದ ಹಿಂಗ ತೆಗೆದಿಡ್ತೀ?"

ಅಂಬಮ್ಮ ತಿರುಗಿದಳು. ಮೊಮ್ಮಗಳ ಮುಖ ನೋಡಿದಳು, ಅವಳ ಕೈಯಲ್ಲಿದ್ದ ರಿಸೀವರು ನೋಡಿದಳು. ತೆಗೆದಿಟ್ಟ ತೂಬಿನಿಂದ ಹುಡುಗಿಯೇ ಬಂದುಬಿಟ್ಟಳೇನೋ ಎಂದು ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಅನ್ನಿಸಿತು. "ಬಂದೇನವ್ವ? ಬಂದೇನು?" ಎಂದು ಗಲ್ಲ ಸವರಿ, ನೆಟಿಕೆ ಮುರಿದು, ಜೋರಾಗಿ ಅಳತೊಡಗಿದಳು. ಆ ಸದ್ದಿಗೆ ಬಸವಣ್ಣೆಮ್ಮ ಸಂಡಿಗೆ ಹಿಟ್ಟಿನ ಕೈಯಲ್ಲೇ ಇಳಿದು ಬಂದಳು. ಅಂಗಡಿಯಿಂದ ಅಪ್ಪ ಮಗ ಓಡಿ ಬಂದರು. ಈ ಸಲ ಅಂಬಮ್ಮ ರಿಸೀವರು ಮುಚ್ಚಿಡಲಿಲ್ಲ. ಅದು ಮೊಮ್ಮಗಳ ಕೈಯಲ್ಲಿತ್ತು.

"ನೀ ಒಬ್ಬಾಕೇ ಬಂದೇನವ್ವ?" ಎಂದು ಬಸವಣ್ಣೆಮ್ಮ ಅವಳ ಚೀಲ ಇಸಿದುಕೊಂಡಳು. "ಈ ಹೊಟ್ಟಿ ಹೊತಗೊಂಡು?"

"ಅವರು ಪಾಳಿಗೆ ಹೋಗ್ಯಾರ. ಅತ್ತಿಗೆ ಹೇಳಿ ಬಂದೀನಿ. ಕರೀದೆ ತವರಿಗೆ ಹೋದಾಕಿ ತಾನಾಗೇ ತಿರುಗಿ ಬರಬ್ಯಾಡ, ಅಂದಾರ."

ಅಮರಗುಂಡಪ್ಪ ರಿಸೀವರನ್ನೂ ಧಡಿಯನ್ನೂ ಅಜ್ಜಿಯನ್ನೂ ನೋಡಿ, ಸಂಗತಿ ತಿಳಿದುಕೊಂಡ. "ಆಯಿ, ನೀ ಇದನ್ನ ತೆಗೆದಿಟ್ರ ಲೈನ್ ಎಂಗೇಜ್ ಆಗ್ತತಿ. ಯಾರು ಮಾಡಿದ್ರೂ ಬರಂಗಿಲ್ಲ. ಮುಚ್ಚಿಟ್ರೇ ಬರ್ತತಿ."

"ತೂಬು ಅಂತ ನೀನೇ ಹೇಳಿದೆಲ್ಲೋ!"

"ತೂಬಿನಂಗ ಅಂದೆ..."

"ಮುಚ್ಚಿದ್ರ ನೀರು ಬರೋ ತೂಬು ಯಾವ ಕಾಲುವಿಯಾಗೈತೋ? ತೋರಿಸು ನನಗ!" ಅಂಬಮ್ಮ ಧಡಿಯನ್ನು ಎಳೆದುಕೊಂಡಳು. "ಪಾಳಿ ತಪ್ಪಬಾರದಂತ ನಾ ಮುಂಚೆ ತೆಗೆದಿಟ್ಟು ಕುಂತೀನಿ. ಮುದುಕಿ ಉಣ್ಣೋದು ಬಿಟ್ಟು ಕುಂತೀನಿ."

ಕರಿಬಸಪ್ಪನಿಗೆ ಈಗ ಸಿಟ್ಟು ತೀರಿಸಿಕೊಳ್ಳಲು ಒಬ್ಬರು ಸಿಕ್ಕರು. "ಎಲ್ಲಾ ನಿನ್ನಿಂದಲೇ ಯವ್ವ! ತಿಳೀದಿದ್ರ ಸುಮ್ನ ಕುಂದರಬೇಕು. ನಾ ಸಾಬಗ ಬೈದೆ, ಇಕಿಗೆ ಬೈದೆ, ಅಂಗಡಿ ಫೋನ್ ಕೀಳಿಸಿದೆ. ಮನೀತನದ ಮರ್ಯಾದಿ ಹೋಗೋದ್ರಾಗಿತ್ತು. ಮಗಳು ಹಿಂಗ ದಿಕ್ಕಿಲ್ಲದಾಕಿ ಹಂಗ ಬರೋದಾತು, ನಿನ್ನ ಒಂದು..."

"ಆಯಿಗೆ ಬೈಬ್ಯಾಡಪ್ಪ," ಎಂದಳು ಗುರುಬಸಮ್ಮ.

ಅವಳು ದನಿ ಏರಿಸಲಿಲ್ಲ. ರಿಸೀವರನ್ನು ಇನ್ನೂ ಮಡಿಲಲ್ಲಿ ಹಿಡಿದುಕೊಂಡೇ ಇದ್ದಳು.

"ಆಕಿಗೆ ತಿಳೀಲಿಲ್ಲ. ತಿಳೀದಿದ್ರೂ ವಾರ ವಾರ ನನ್ನ ಸಲುವಾಗಿ ಕುಂತಾಳ. ನೀವೆಲ್ಲಾ ತಿಳಿದವರು. ಫೋನ್ ಕೆಟ್ಟತಿ ಅಂತ ಕಂಬ ಹತ್ತಿಸಿದ್ರಿ, ತಂತಿ ಬದಲು ಮಾಡಿದ್ರಿ." ಅಪ್ಪನ ಮುಖ ನೋಡಿದಳು. "ಹಟ್ಟಿಗೆ ಹೋಗೋ ಬಸ್ಸೂ ಕೆಟ್ಟು ನಿಂತಿದ್ವೇನಪ್ಪ?"

ಕರಿಬಸಪ್ಪ ಬಾಯಿ ತೆರೆದ. ಕರೆಯದೆ ಹೋಗುವುದು ಹೇಗೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿರಬೇಕು. ಎದುರಿಗೆ ಕರೆಯದೆ ಬಂದವಳು ಊದಿದ ಕಾಲು ಚಾಚಿಕೊಂಡು ಕುಳಿತಿದ್ದಳು. ಅವನು ಬಾಯಿ ಮುಚ್ಚಿದ. ಬಸವಣ್ಣೆಮ್ಮ ಕೂಡ ತಲೆ ತಗ್ಗಿಸಿದಳು. ಬಸ್ಸು ಅವಳಿಗೂ ಇತ್ತು.

"ಅಳಿಯಂದ್ರು ಏನಂದಾರ?" ಎಂದು ಕರಿಬಸಪ್ಪ ಕೇಳಿದ.

"ಅದನ್ನೇ ಹೇಳಾಕ ಫೋನ್ ಮಾಡ್ತಿದ್ದೆ. ನಿಮ್ಮಪ್ಪ ತಾನಾಗೇ ಒಮ್ಮೆ ಹೊಸ್ತಿಲಿಗೆ ಬರ್ಲಿ, ಅವತ್ತೇ ಕಳಿಸ್ತೀನಿ ಅಂದಿದ್ರು."

ಅಷ್ಟೇ. ಇಷ್ಟು ವಾರ ತಂತಿಯಲ್ಲಿ ಬರಬೇಕಾಗಿದ್ದದ್ದು ಇಷ್ಟೇ ಮಾತು. ಕರಿಬಸಪ್ಪ ಒಳಗೆ ಹೋಗಿ ಮುಖ ತೊಳೆದು, ಶಲ್ಯ ಹೆಗಲಿಗೆ ಹಾಕಿಕೊಂಡು ಬಂದ. "ಬುತ್ತಿ ಕಟ್ಟು," ಎಂದ ಹೆಂಡತಿಗೆ.

"ನಾನೂ ಬರ್ತೀನಿ," ಎಂದಳು ಬಸವಣ್ಣೆಮ್ಮ. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಮಗಳ ಮಡಿಲಿಗೆ ಹಾಕಿದಳು, ಎರಡನೇ ಸಲ ಕುಟ್ಟಿದ ಹಿಂಡಿ ಕಟ್ಟಿದಳು. ಅಮರಗುಂಡಪ್ಪ ಯಾರೂ ಹೇಳದಿದ್ದರೂ ಅಂಗಡಿಗೆ ಹೋಗಿ ಗಲ್ಲಾದ ಹಿಂದೆ ಕುಳಿತ. ಅವತ್ತಿಡೀ ಅವನ ಬಾಯಿಂದ ನೆಟ್‌ವರ್ಕ್ ಎನ್ನುವ ಮಾತು ಬರಲಿಲ್ಲ. ಗಂಡ ಹೆಂಡತಿ ಚೀಲ ಹಿಡಿದು ಬಸ್ ನಿಲ್ದಾಣದ ಕಡೆ ಹೊರಟಾಗ ಅಳಿಯ ಏನನ್ನುತ್ತಾನೋ, ಬೀಗಿತಿ ಬಾಗಿಲು ತೆರೆಯುತ್ತಾಳೋ ಇಲ್ಲವೋ, ಒಂದೂ ಗೊತ್ತಿರಲಿಲ್ಲ. ಬೂತಿಗೆ ಫೋನು ಮಾಡಿ ಹೇಳಿಸಿ ಹೋಗೋಣ ಎಂದು ಯಾರೂ ಅನ್ನಲಿಲ್ಲ.

ಪಡಸಾಲೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ ಉಳಿದರು. ಅಂಬಮ್ಮ ರಿಸೀವರನ್ನು ಕೈಗೆ ತೆಗೆದುಕೊಂಡು, ಗೂಡಿನ ಮುಂದೆ ನಿಂತಳು.

"ಈಗ ಇದನ್ನ ತೆಗೆದಿಡ್ಲೋ, ಮುಚ್ಚಿಡ್ಲೋ? ಒಂದು ಬರಾಬರ್ ಹೇಳ್ರಿ ಯಾರಾದ್ರೂ."

"ಹೆಂಗರ ಇಡು ಆಯಿ," ಎಂದಳು ಗುರುಬಸಮ್ಮ ಗೋಡೆಗೊರಗಿ. "ನಾ ಇಲ್ಲೇ ಅದೀನಲ್ಲ."

ಫೋನಿನ ಲೆಕ್ಕ ಅಂಬಮ್ಮನಿಗೆ ತಿಳಿಯಲಿಲ್ಲ. ಹುಡುಗಿ ಬೆಳಗಿನಿಂದ ಏನೂ ತಿಂದಿಲ್ಲ ಎನ್ನುವುದು ಮಾತ್ರ ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ರಿಸೀವರನ್ನು ಅದರ ಜಾಗದಲ್ಲಿಟ್ಟು, ಮೊಣಕಾಲಿಗೆ ಕೈಕೊಟ್ಟುಕೊಂಡು, ರೊಟ್ಟಿ ಬಡಿಯಲು ಒಲೆಯ ಕಡೆ ನಡೆದಳು.